ಬೆತ್ತಕ್ಕೆ ವಿನಾಯಿತಿ ದೊರೆತಿದೆಯೆ?

"ಫಾದರ್, ಎರಡು ಬಿಗಿಯಿರಿ, ನಾವೇನೂ ಕೇಳುವುದಿಲ್ಲ." ಎರಡನೆಯ ತರಗತಿಯ ಮಗನನ್ನು ಕೈಹಿಡಿದು ಕರೆತಂದ ತಂದೆಯೊಬ್ಬರು ಈಚೆಗೆ ನಮ್ಮೆದುರು ಆಡಿದ ಮಾತಿದು. ಹುಡುಗನ ಅಪರಾಧವಾದರೋ, ಪಕ್ಕದವನ ಪೆನ್ಸಿಲ್ ಮುರಿದುದು, ಕುಳಿತಲ್ಲಿ ಕುಳಿತಿರದುದು. ತಂದೆ ಕ್ರೂರಿಯೇನಲ್ಲ, ನಮ್ಮ ಮೇಲಿನ ವಿಶ್ವಾಸದಿಂದಲೇ ಹಾಗೆಂದರು. ಆ ವಿಶ್ವಾಸವೇ ನಮ್ಮನ್ನು ಚಿಂತೆಗೀಡುಮಾಡಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಶಾಲಾ ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನಿತವಿರಲಿ ಅನುದಾನರಹಿತವಿರಲಿ, ಈ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಪ್ರವೇಶದ ಸ್ವಾತಂತ್ರ್ಯ ಉಳಿಯಿತೆಂದು ನಾವು ಸಮಾಧಾನಪಟ್ಟೆವು. ಅದರೊಡನೆ 17ನೆಯ ಕಲಮೂ ನಮ್ಮ ಶಾಲೆಗಳ ಹೊಸ್ತಿಲಾಚೆ ಉಳಿಯಿತೆಂಬುದನ್ನು ಗಮನಿಸಿದವರು ವಿರಳ. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗೆಗೆ ಸಂಶಯ ವ್ಯಕ್ತಪಡಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಲು ಸೂಚಿಸಿತು.

ಹಾಗೆಂದು ಬೆತ್ತಕ್ಕೆ ಪರವಾನಗಿ ದೊರೆತಿಲ್ಲ. ತನ್ನ ವಶದಲ್ಲಿರುವ ಮಗುವಿಗೆ ಹೊಡೆದು ಅನಗತ್ಯ ಯಾತನೆ ನೀಡುವುದು 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನಡಿ ಅಪರಾಧ. ಅಲ್ಪಸಂಖ್ಯಾತರ ಸಂಸ್ಥೆಯೆಂಬ ಕಾರಣಕ್ಕೆ ಅಲ್ಲಿ ರಿಯಾಯಿತಿಯಿಲ್ಲ.

ಧರ್ಮಗ್ರಂಥವೇ ಬೆತ್ತವನ್ನು ಒಪ್ಪಿದೆಯಲ್ಲ ಎಂದು ಜ್ಞಾನೋಕ್ತಿಗಳ 13ನೆಯ ಅಧ್ಯಾಯವನ್ನು ತೋರಿಸುವವರುಂಟು. ಸಂತ ಥಾಮಸ್ ಅಕ್ವಿನಾಸರೂ ತಂದೆಗೆ ಆ ಅಧಿಕಾರವನ್ನು ಕೊಟ್ಟಿದ್ದರು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತಿದ್ದುವುದಕ್ಕಾಗಿ, ಅದೂ ಮಿತಿಯೊಳಗೆ ಎಂಬುದು ಅವರ ನಿಬಂಧನೆ. ಏಳು ವರ್ಷದ ಮಗು ಪೆಟ್ಟಿನಿಂದ ತಿದ್ದಿಕೊಳ್ಳುವುದೆ? ಟೀಚರ್ ನೋಡುವಾಗ ಪೆನ್ಸಿಲ್ ಮುರಿಯಬಾರದೆಂಬುದನ್ನಷ್ಟೇ ಅದು ಕಲಿಯುತ್ತದೆಂಬುದು ನಮ್ಮ ಅನುಭವ. ಬೀದಿಯ ಹುಡುಗರ ನಡುವೆ ಬಾಳಿದ ಸಂತ ಜಾನ್ ಬೋಸ್ಕೊ 1877ರ ಪುಟ್ಟ ಪ್ರಬಂಧವೊಂದರಲ್ಲಿ, ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ ಮಕ್ಕಳೊಡನಿದ್ದು ತಪ್ಪನ್ನೇ ತಡೆಯುವ ಕ್ರಮವನ್ನು ನಿರೂಪಿಸಿದರು. ವಿವೇಕ, ಧರ್ಮ, ವಾತ್ಸಲ್ಯಗಳೇ ಅದರ ಆಧಾರ.

ಮಕ್ಕಳೊಡನಿರುವುದು ಹೇಗೆ? ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂಬ ನಿಯಮವೂ ಅದೇ ಕಾಯಿದೆಯಲ್ಲಿತ್ತು. ಅದೂ ನಮ್ಮನ್ನು ಕಟ್ಟುವುದಿಲ್ಲ. 'ನಮ್ಮವರಿಗೊಂದು ಸೀಟು' ಎಂದು ನಾವೂ ನೀವೂ ಒತ್ತಾಯಿಸಿ ತುಂಬಿಸಿದ ಕೊಠಡಿಯಲ್ಲಿ, ಅಲ್ಪ ಸಂಬಳದ ಟೀಚರ್ ಸಹನೆಗೆಟ್ಟು ಅಡಿಕೋಲು ಎತ್ತಿದರೆ ದೋಷ ಅವರೊಬ್ಬರದೆ? ಶಾಲಾ ಆಡಳಿತ ಮಂಡಳಿಗಳು ಕಟ್ಟಡ ನಿಧಿಗಿಂತ ಮೊದಲು ಈ ಲೆಕ್ಕವನ್ನು ನೋಡಲಿ. ಪಾಲಕರ ಸಭೆಯಲ್ಲಿ ನೀವೂ ಕೇಳಿರಿ.

ಅಂದ ಹಾಗೆ, ಆ ಹುಡುಗನಿಗೆ ನಾವು ಹೇಳಿದ್ದಿಷ್ಟು: ನಾಳೆ ನಿನ್ನದೊಂದು ಪೆನ್ಸಿಲನ್ನು ನೀನೇ ಚೂಪುಮಾಡಿ ಗೆಳೆಯನಿಗೆ ಕೊಡಬೇಕು. ಮಗು ತಲೆಯಾಡಿಸಿತು. ತಂದೆಗೆ ಮಾತ್ರ ತೃಪ್ತಿಯಾದಂತೆ ಕಾಣಲಿಲ್ಲ.