ಅಳಿಯನ ಸ್ಕೋರು, ಅಪ್ಪನ ಮೆಣಸಿನಕಾಯಿ

ಸಂಕ್ರಾಂತಿ ಕಳೆದ ಮೇಲೆ ಬ್ಯಾಡಗಿಗೆ ಹೋಗಿದ್ದೆ. ಬಸ್ಸಿಳಿಯುವ ಮೊದಲೇ ಸೀನು ಬಂತೆಂದರೆ ಮೆಣಸಿನಕಾಯಿ ಪೇಟೆ ಜೋರಾಗಿದೆ ಅಂತಲೇ ಅರ್ಥ. ಈ ಸಲ ನಾಲ್ಕು ಸೀನು ಬಂತು :-)

ಮನೆಯಲ್ಲಿ ಅಕ್ಕನ ಮಗ ಹುಬ್ಬಳ್ಳಿಯಿಂದ ಬಂದಿದ್ದ, ತಾನೇ ಜೋಡಿಸಿದ ಕಂಪ್ಯೂಟರನ್ನೂ ಹೊತ್ತುಕೊಂಡು. ಪಡಸಾಲೆಯ ಒಂದು ಕಡೆ ಮೆಣಸಿನಕಾಯಿ ಚೀಲ, ಇನ್ನೊಂದು ಕಡೆ ಆ ಪೆಟ್ಟಿಗೆ. ಅದರಲ್ಲಿ ಸಿನೆಬೆಂಚ್ ಅನ್ನುವ ಪ್ರೋಗ್ರಾಮು ಒಂದೇ ಚಿತ್ರವನ್ನು ಹತ್ತು ನಿಮಿಷ ಬಿಡಿಸುತ್ತದೆ, ಅಳಿಸುತ್ತದೆ, ಮತ್ತೆ ಬಿಡಿಸುತ್ತದೆ. ಕೊನೆಗೆ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಯಾವುದೋ ಸ್ಪರ್ಧೆಗೆ ಕಳಿಸಿದ್ದನಂತೆ, ವಾಪಸ್ ಬಂದಿತ್ತು.

ಕಾರಣ ಕೇಳಿ. ಪರದೆಯ ಫೋಟೋದಲ್ಲಿ ಸ್ಕೋರು ಕಾಣಬೇಕು. ಪ್ರೊಸೆಸರ್ ಮಾಹಿತಿಯ ಕಿಟಕಿ, ಮೆಮೊರಿಯ ಕಿಟಕಿ, ಗ್ರಾಫಿಕ್ಸ್ ಕಾರ್ಡಿನ ಕಿಟಕಿ, ಎಲ್ಲವೂ ಕಾಣಬೇಕು. ಇವನದರಲ್ಲಿ ಒಂದು ಕಿಟಕಿಯ ಮೂಲೆ ಇನ್ನೊಂದರ ಮೇಲೆ ಬಂದಿತ್ತು. ಸರಿಮಾಡಿ ಕಳಿಸಿದ. ಕಂಪ್ಯೂಟರಿನ ಒಳಗಿನ ಫೋಟೋ ಎಲ್ಲಿ ಅಂದರು. ಅದನ್ನೂ ಕಳಿಸಿದ. ಪಕ್ಕದಲ್ಲಿ ಹೆಸರು, ತಾರೀಖು ಬರೆದ ಚೀಟಿ ಇಲ್ಲ ಅಂದರು!

ಅಪ್ಪ ಕನ್ನಡಕ ಏರಿಸಿ ಎಲ್ಲ ಕೇಳಿಸಿಕೊಂಡರು. "ರೇಷನ್ ಕಾರ್ಡಿಗೂ ನನಗ ಇಷ್ಟು ಕೇಳಿದ್ದಿಲ್ಲೋ ತಮ್ಮಾ. ಗೆದ್ದರ ಎಷ್ಟು ರೊಕ್ಕ ಕೊಡತಾರ?"

"ರೊಕ್ಕ ಇಲ್ಲ ಅಜ್ಜಾ, ಹೆಸರು ಬರತೈತಿ."

ಅಪ್ಪ ಎದ್ದು ಎಲೆ ಅಡಿಕೆ ಹುಡುಕಲು ಹೋದರು.

ನಾನೂ ಹೊಟ್ಟೆತುಂಬ ನಕ್ಕೆ. ಆಮೇಲೆ ಹುಡುಗ ಇದರ ಹಿಂದಿನ ಕಥೆ ಹೇಳಿದ. ೨೦೦೩ರ ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ಕಂಪನಿ ತನ್ನ ೩ಡಿಮಾರ್ಕ್೦೩ ಪರೀಕ್ಷೆಯಲ್ಲಿ ಎನ್‌ವಿಡಿಯಾದ ಕಳ್ಳಾಟ ಹಿಡಿಯಿತು. ಆ ಪರೀಕ್ಷೆಯಲ್ಲಿ ಕ್ಯಾಮೆರಾ ಯಾವಾಗಲೂ ಒಂದೇ ದಾರಿಯಲ್ಲಿ ಸಾಗುತ್ತದೆ. ಹಾಗಾಗಿ ಆ ದಾರಿಯಿಂದ ಕಾಣದ ಜಾಗವನ್ನು ಡ್ರೈವರು ಬಿಡಿಸುತ್ತಲೇ ಇರಲಿಲ್ಲ. ಕ್ಯಾಮೆರಾ ತುಸು ಪಕ್ಕಕ್ಕೆ ತಿರುಗಿಸಿದರೆ ಗೋಡೆಯೇ ಇಲ್ಲ, ಆಕಾಶವೇ ಇಲ್ಲ! ಆ ದಾರಿ ಮುಚ್ಚಿದ ಮೇಲೆ ಸ್ಕೋರು ಸುಮಾರು ಕಾಲುಭಾಗ ಇಳಿಯಿತು. ಎಟಿಐ ಕೂಡ ಸಿಕ್ಕಿಬಿತ್ತು, ಅದರದ್ದು ಶೇ. ೨ಕ್ಕಿಂತ ಕಡಿಮೆ. ಮುಂದಿನ ತಿಂಗಳೇ ಕಂಪನಿಗಳು ಕೂತು ಮಾತಾಡಿ, ಇದು ಮೋಸವಲ್ಲ, "ಆ ಪ್ರೋಗ್ರಾಮಿಗೆಂದೇ ಮಾಡಿದ ಸುಧಾರಣೆ" ಅಂತ ಹೇಳಿಕೆ ಕೊಟ್ಟವು. ನಮ್ಮ ಪಂಚಾಯ್ತಿ ಕಟ್ಟೆಯವರು ಇದನ್ನು ಓದಿದ್ದರೆ ಖುಷಿಪಡುತ್ತಿದ್ದರು.

ಒಳಗಿನಿಂದ ಅಪ್ಪನ ದನಿ ಬಂತು: "ಚೀಲದ ಬಾಯಾಗ ಚಲೋ ಕಾಯಿ, ತಳದಾಗ ಬಿಳಿ ಕಾಯಿ. ಇದರಾಗ ಹೊಸದೇನೈತಿ?"

೨೦೧೩ರಲ್ಲಿ ಇನ್ನೊಂದು. ವಿಂಡೋಸ್ ೮ರಲ್ಲಿ ಪ್ರೊಸೆಸರಿನ ವೇಗ ಏರಿಳಿಸಿದರೆ ಕಂಪ್ಯೂಟರಿನ ಗಡಿಯಾರವೇ ಹಿಂದೆ ಮುಂದೆ ಆಗುತ್ತಿತ್ತು. ಗಡಿಯಾರ ನಿಧಾನವಾದರೆ ಕೆಲಸ ಬೇಗ ಮುಗಿದಂತೆ ಲೆಕ್ಕ ತಾನೇ? ಎಚ್‌ಡಬ್ಲ್ಯೂಬಾಟ್‌ನವರು ಆಗ ವಿಂಡೋಸ್ ೮ರ ಸ್ಕೋರುಗಳನ್ನೇ ತಳ್ಳಿಹಾಕಿದರು. ಹೀಗೆ ಒಬ್ಬೊಬ್ಬ ಮೋಸ ಮಾಡಿದಾಗಲೂ ಒಂದೊಂದು ನಿಯಮ ಹುಟ್ಟಿ, ಕೊನೆಗೆ ನಮ್ಮ ಹುಡುಗನ ಕೈಗೆ ಚೀಟಿ ಬಂದಿದೆ. ಇಷ್ಟು ಕೇಳಿದ ಮೇಲೆ ನನಗೆ ಆ ಚೀಟಿಯ ಮೇಲೆ ಸಿಟ್ಟು ಉಳಿಯಲಿಲ್ಲ.

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಬ್ಯಾಡಗಿ ಕಾಯಿಗೂ ಒಂದು ಸ್ಕೋರು ಇದೆ ಗೊತ್ತಾ? ಆಸ್ಟಾ ಅಂತಾರೆ. ಪುಡಿ ಮಾಡಿ, ಅಸಿಟೋನಿನಲ್ಲಿ ಬಣ್ಣ ಬಿಡಿಸಿ, ೪೬೦ ನ್ಯಾನೊಮೀಟರ್ ಬೆಳಕು ಹಾಯಿಸಿ ಎಷ್ಟು ಹೀರಿತು ಅಂತ ನೋಡುತ್ತಾರೆ. ನಮ್ಮ ಕಾಯಿಗೆ ಬೆಲೆ ಇರುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಅನ್ನುವ ಕಾರಣಕ್ಕೆ. ೨೦೧೧ರಲ್ಲಿ ಭೌಗೋಳಿಕ ಸೂಚಕದ ಪಟ್ಟವೂ ಸಿಕ್ಕಿದೆ. ಬಣ್ಣ ತೆಗೆಯುವ ಕಾರ್ಖಾನೆಯವನಿಗೆ ಈ ಸಂಖ್ಯೆಯೇ ಎಲ್ಲ. ಆದರೆ ನಮ್ಮ ಮನೆಯ ಚೀಲದ ಜೊತೆ ಇದುವರೆಗೆ ಒಂದು ಸಲವೂ ಆ ಸಂಖ್ಯೆ ಹೋಗಿಲ್ಲ. ಖರೀದಿದಾರ ಬರುತ್ತಾನೆ, ಒಂದು ಹಿಡಿ ಎತ್ತುತ್ತಾನೆ, ಮುರಿದು ನೋಡುತ್ತಾನೆ, ಮೂಸುತ್ತಾನೆ, ಟೆಂಡರಿನಲ್ಲಿ ರೇಟು ಬರೆಯುತ್ತಾನೆ. ಅವನ ಕಣ್ಣು ಪಳಗಿದ ಕಣ್ಣೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಣ್ಣು ಅವನದು. ರೇಟು ಕಡಿಮೆ ಬಂದರೆ "ಬಣ್ಣ ಇಲ್ಲ" ಅನ್ನುವ ಎರಡು ಪದಕ್ಕೆ ಅಪ್ಪ ಏನು ಉತ್ತರ ಕೊಡಬೇಕು?

೨೦೨೪ರ ಮಾರ್ಚ್ ೧೧ರಂದು ರೇಟು ಕುಸಿದದ್ದಕ್ಕೆ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಕಚೇರಿ, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದು ತಪ್ಪೇ. ಒಂದು ಚೀಟಿ ಇದ್ದಿದ್ದರೆ ಅದು ತಪ್ಪುತ್ತಿತ್ತು ಅಂತಲೂ ನಾನು ಹೇಳುತ್ತಿಲ್ಲ, ರೇಟಿಗೆ ನೂರೆಂಟು ಕಾರಣ. ಆದರೆ ರೊಕ್ಕವೇ ಇಲ್ಲದ ಆಟಕ್ಕೆ ಎಂಟು ದಾಖಲೆ ಬೇಡುವ ಕಾಲದಲ್ಲಿ, ವರ್ಷದ ದುಡಿಮೆಗೆ ಒಂದೂ ಇಲ್ಲ ಅಂದರೆ ಹೇಗೆ? ಟೆಂಡರಿಗೆ ಮೊದಲು ಲಾಟಿಗೊಂದು ಆಸ್ಟಾ ಚೀಟಿ ರೈತನ ಕೈಗೂ ಸಿಗಲಿ. ತಡ ಆಗುತ್ತೆ, ಖರ್ಚು ಬರುತ್ತೆ ಅಂತೀರಾ? ಕಾರ್ಖಾನೆಯವರು ತಮಗೆ ಬೇಕಾದಾಗ ಅಳೆಸಿಕೊಳ್ಳುತ್ತಾರಲ್ಲ....

ಸೋಮವಾರ ಚೀಲಗಳು ಹೋದವು. ರೇಟು ತೀರಾ ಕೆಟ್ಟದ್ದೇನಲ್ಲ. ಅಪ್ಪ "ಬಣ್ಣ ಕಮ್ಮಿ ಅಂದರು" ಅಂತಷ್ಟೇ ಹೇಳಿ ಊಟಕ್ಕೆ ಕೂತರು. ಅಳಿಯನದು ಇನ್ನೂ ಪರಿಶೀಲನೆಯಲ್ಲಿದೆ. ಈ ಸಲ ಚೀಟಿ ಸರಿಯಾಗಿಯೇ ಇಟ್ಟಿದ್ದ. ಫೋಟೋದ ಹಿಂದೆ ಮೆಣಸಿನಕಾಯಿ ಚೀಲ ಯಾಕಿದೆ ಅಂತ ಕೇಳಿದ್ದಾರಂತೆ :-)