ಸೋಲಾರ್ ಬಾಡಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿರುವ ನಮ್ಮ ಕುಟುಂಬಗಳವರು ಈಚೆಗೆ ನಮ್ಮನ್ನು ಪದೇ ಪದೇ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಮನೆಯ ಮೇಲೆ ಸೋಲಾರ್ ಹಲಗೆ ಹಾಕಿಕೊಡುತ್ತೇವೆ, ಕೈಯಿಂದ ಒಂದು ಪೈಸೆ ಕೊಡಬೇಕಾಗಿಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟಿದರೆ ಸಾಕು ಎಂದು ಏಜೆಂಟರು ಬಾಗಿಲಿಗೆ ಬರುತ್ತಾರೆ. ಇದಕ್ಕೆ ಒಪ್ಪಬಹುದೇ, ಬಾರದೇ? ತೋಟದ ಕೂಲಿಯಲ್ಲಿ, ಕಬ್ಬಿನ ಕಟಾವಿನಲ್ಲಿ, ಮಗ್ಗದ ಪಾಳಿಯಲ್ಲಿ ದುಡಿದು ಹೇಗೋ ಸ್ವಂತದ್ದೊಂದು ಮನೆ ಕಟ್ಟಿಕೊಂಡವರ ಪ್ರಶ್ನೆ ಇದು. ಹತ್ತು ಹದಿನೈದು ವರ್ಷಗಳ ಕರಾರಿನ ಮಾತಾದುದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಬಾಡಿಗೆಯ ಪದ್ಧತಿಯಲ್ಲಿ ಹಲಗೆಗಳು ನಿಮ್ಮವಲ್ಲ, ಕಂಪನಿಯವು. ಮಾಡು ನಿಮ್ಮದು, ಬಿಸಿಲು ದೇವರದು, ಬಾಡಿಗೆ ಮಾತ್ರ ಅವರದು. ಮುಂಗಡವಿಲ್ಲ ಎಂಬ ಮಾತು ಕೂಲಿಯವನ ಕಿವಿಗೆ ಬಹಳ ಹಿತವಾಗಿ ಕೇಳಿಸುತ್ತದೆ. ಆದರೆ ಕಬ್ಬು ಕಡಿಯುವವರು ಉಚಲ್ ತೆಗೆದುಕೊಳ್ಳುವಾಗಲೂ ಕೈಯಿಂದ ಏನೂ ಕೊಡುವುದಿಲ್ಲ, ಕಟ್ಟುವುದೆಲ್ಲ ಆಮೇಲೆ. ಅದರ ರುಚಿ ಕಂಡವರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಏಜೆಂಟರ ಲೆಕ್ಕ ನೋಡುವ ಮೊದಲು ನಿಮ್ಮ ಲೈಟ್ ಬಿಲ್ಲನ್ನು ಕೈಯಲ್ಲಿ ಹಿಡಿಯಿರಿ. ಒಂದೇ ತಿಂಗಳಿನದಲ್ಲ, ಹನ್ನೆರಡು ತಿಂಗಳಿನದು. ರೂಪಾಯಿ ಎಷ್ಟೆಂದು ನೋಡಬೇಡಿ, ಯೂನಿಟ್ ಎಷ್ಟೆಂದು ನೋಡಿರಿ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿ.ವಿ., ಮಿಕ್ಸರು ಇರುವ ಮನೆ ತಿಂಗಳಿಗೆ 60-70 ಯೂನಿಟ್ ದಾಟುವುದು ಕಡಿಮೆ. ಮಹಾವಿತರಣದ ದರಪಟ್ಟಿಯಲ್ಲಿ ಮೊದಲ 100 ಯೂನಿಟ್‌ಗಳಿಗೆ ದರ ಕಡಿಮೆ. ಅದನ್ನು ದಾಟಿದ ಕೂಡಲೆ ದರ ಜಿಗಿಯುತ್ತದೆ. ಸೋಲಾರಿನಿಂದ ನಿಜವಾದ ಉಳಿತಾಯವಾಗುವುದು ಆ ಜಿಗಿದ ದರವನ್ನು ತೆರುವ ಮನೆಗೆ. 100ರ ಒಳಗಿರುವ ಮನೆಯವರು ತಿಂಗಳ ಬಿಲ್ಲಿಗಿಂತ ದೊಡ್ಡ ಬಾಡಿಗೆಗೆ ರುಜು ಹಾಕಿದರೆ ಅದನ್ನು ಉಳಿತಾಯವೆಂದು ಹೇಗೆ ಕರೆಯುವುದು? ಮೇಲಾಗಿ ಮೀಟರಿನ ಸ್ಥಿರ ಆಕಾರ ಸೋಲಾರ್ ಬಂದರೂ ತಪ್ಪುವುದಿಲ್ಲ. ಬಿಲ್ ಸೊನ್ನೆ ಎಂದು ಹೇಳುವವರು ಇದನ್ನು ಹೇಳುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಅವರು ಹೇಳುವುದಿಲ್ಲ. ಬ್ಯಾಟರಿ ಇಲ್ಲದೆ ಸರ್ಕಾರಿ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಂತುಹೋಗುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವವನಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ, ಅದು ಸರಿಯೇ. ಆದರೆ ಕತ್ತಲೆಯಲ್ಲಿ ಮಕ್ಕಳು ಓದಲಿ ಎಂಬ ಆಸೆಯಿಂದ ಇದನ್ನು ಹಾಕಿಸಿಕೊಂಡವರಿಗೆ ಆ ರಾತ್ರಿ ಬೆಳಕು ಸಿಗುವುದಿಲ್ಲ.

ಒಂದು ಕಿಲೋವಾಟ್ ಹಲಗೆಗೆ ಸುಮಾರು 100 ಚದರಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 120ರಷ್ಟು ಕೊಡುತ್ತದೆ. ಸರಾಸರಿ ಎಂಬುದನ್ನು ಮರೆಯಬೇಡಿರಿ. ಆಜರಾ, ಚಂದಗಡ, ಗಗನಬಾವಡದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಆ ನಾಲ್ಕು ತಿಂಗಳು ಹಲಗೆ ಕಡಿಮೆ ಕೊಡುತ್ತದೆ, ಬಾಡಿಗೆಯೇನೂ ಕಡಿಮೆಯಾಗುವುದಿಲ್ಲ. ಬೇಸಿಗೆಯಲ್ಲಿ ಉಳಿದ ಯೂನಿಟ್ ಮುಂದಿನ ತಿಂಗಳ ಲೆಕ್ಕಕ್ಕೆ ಸೇರುವುದುಂಟು. ಆದರೆ ಮಾರ್ಚ್ ಕೊನೆಗೆ ಆ ವರ್ಷದ ಲೆಕ್ಕ ಮುಗಿಯುವುದರಿಂದ, ಏಪ್ರಿಲ್-ಮೇ ತಿಂಗಳ ಉಳಿಕೆ ಮಾತ್ರ ಮಳೆಗಾಲಕ್ಕೆ ಬರುತ್ತದೆ.

ಈಗ ದೊಡ್ಡ ಮನೆಯ ಮಾತು. ಅಣ್ಣತಮ್ಮಂದಿರು ಕೂಡಿದ ಕುಟುಂಬ, ಫ್ರಿಜ್, ನೀರಿನ ಮೋಟಾರು, ತಿಂಗಳಿಗೆ 200 ಯೂನಿಟ್ ದಾಟುವ ಬಿಲ್. ಇಂಥ ಮನೆಗೆ 2 ಕಿಲೋವಾಟ್ ಉಪಯೋಗವಾಗುತ್ತದೆ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಬಾಡಿಗೆ ತಿಂಗಳಿಗೆ 900 ರೂಪಾಯಿ, ವರ್ಷಕ್ಕೆ ನೂರಕ್ಕೆ 3ರಂತೆ ಏರಿಕೆ, ಅವಧಿ 15 ವರ್ಷ ಎಂದಿಟ್ಟುಕೊಳ್ಳಿ. ಕೊನೆಯ ವರ್ಷದ ಬಾಡಿಗೆ 1,360 ರೂಪಾಯಿ ಮುಟ್ಟುತ್ತದೆ. ಒಟ್ಟು ಕಟ್ಟಿದ್ದು 2 ಲಕ್ಷ ರೂಪಾಯಿ. ಅದೇ ಸಾಮಾನನ್ನು 1,30,000 ರೂಪಾಯಿಗೆ ಕೊಂಡರೆ ಕೇಂದ್ರದ ಸಬ್ಸಿಡಿ 60,000 ಕಳೆದು ಉಳಿಯುವುದು 70,000. ಅದನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರ ಬಡ್ಡಿಯಲ್ಲಿ 5 ವರ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 1,386, ಒಟ್ಟು 83,000ಕ್ಕೆ ಸ್ವಲ್ಪ ಮೇಲೆ. ಐದು ವರ್ಷ ಹೊಟ್ಟೆ ಕಟ್ಟಬೇಕು, ನಿಜ. ಆರನೆಯ ವರ್ಷದಿಂದ ಹಲಗೆ ನಿಮ್ಮದು, ಅದು 25 ವರ್ಷ ಬಾಳುವ ವಸ್ತು. ಇನ್ವರ್ಟರ್ ಮಾತ್ರ ಅಷ್ಟು ಬಾಳುವುದಿಲ್ಲ. ನಡುವೆ ಒಮ್ಮೆ ಬದಲಿಸುವ ಖರ್ಚನ್ನು ಎತ್ತಿಡಬೇಕು. ಅದನ್ನು ಸೇರಿಸಿದರೂ ಬಾಡಿಗೆಯ ಲೆಕ್ಕ ಗೆಲ್ಲುವುದಿಲ್ಲ.

ಈ ಸಬ್ಸಿಡಿ ಎಲ್ಲಿಂದ ಬಂತೆಂದರೆ, 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಿಂದ. ಒಂದು ಕೋಟಿ ಮನೆಗಳ ಗುರಿಯಿಟ್ಟು 75,021 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000. 3 ಕಿಲೋವಾಟ್‌ವರೆಗೆ ಜಾಮೀನಿಲ್ಲದ ಬ್ಯಾಂಕ್ ಸಾಲವೂ ಉಂಟು. ಹಲಗೆ ಕೂಡಿಸಿದ ಮೇಲೆಯೇ ಸಬ್ಸಿಡಿ ಗ್ರಾಹಕರ ಬ್ಯಾಂಕ್ ಖಾತೆಗೆ ಬರುವುದರಿಂದ ನಡುವಿನ ಹಣವನ್ನು ಯಾರು ಹಾಕುತ್ತಾರೆಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿರಿ. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಮಾನಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಹಿಂದಿನ ದರಪಟ್ಟಿಯನ್ನು ಯಾರಾದರೂ ತೋರಿಸಿದರೆ ಹೊಸದನ್ನು ಕೇಳಿ ಪಡೆಯಿರಿ.

100 ಯೂನಿಟ್ ಒಳಗಿನ ಬಡಕುಟುಂಬಗಳಿಗಾಗಿ ಮಹಾರಾಷ್ಟ್ರ ಸರ್ಕಾರ 2025ರಲ್ಲಿ ‘ಸ್ಮಾರ್ಟ್’ ಎಂಬ ಯೋಜನೆ ತಂದಿತು. 1 ಕಿಲೋವಾಟಿಗೆ ಕೇಂದ್ರದ 30,000ದ ಮೇಲೆ, ದಾರಿದ್ರ್ಯ ರೇಖೆಯ ಕೆಳಗಿನವರಿಗೆ ರಾಜ್ಯದ 17,500. ಉಳಿದವರಲ್ಲಿ ಪರಿಶಿಷ್ಟ ಜಾತಿ-ಪಂಗಡದವರಿಗೆ 15,000, ಇತರರಿಗೆ 10,000. ಐವತ್ತು ಸಾವಿರದ ಲೆಕ್ಕದಲ್ಲಿ ದಾರಿದ್ರ್ಯ ರೇಖೆಯ ಕೆಳಗಿನ ಮನೆಯವರು ಕೊಡಬೇಕಾದದ್ದು 2,500 ರೂಪಾಯಿ ಮಾತ್ರ! ಮೂರು ತಿಂಗಳ ಬಾಡಿಗೆಯಷ್ಟೂ ಅಲ್ಲ. ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯಲ್ಲಿ ಎಣಿಸಲ್ಪಡುವುದಿಲ್ಲ. ಆದರೆ ದಾರಿದ್ರ್ಯ ರೇಖೆಯ ಪಟ್ಟಿಗೆ ಜಾತಿ ಮತಗಳ ಹಂಗಿಲ್ಲ. ಆದುದರಿಂದ ಜಾತಿ ಪ್ರಮಾಣಪತ್ರವಿಲ್ಲವೆಂದು ಹಿಂದಿರುಗದೆ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೋ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಮಹಾವಿತರಣದ ಕಚೇರಿಯಲ್ಲಿ ಈ ಯೋಜನೆಯ ಹೆಸರನ್ನೇ ಹೇಳಿ ಕೇಳಿರಿ.

ಇಚಲಕರಂಜಿಯ ಮಗ್ಗದವರಿಗೆ ಒಂದು ಮಾತು. 1904ರಲ್ಲಿ ಅಲ್ಲಿ ಮೊದಲ ಯಂತ್ರಮಗ್ಗ ಬಂದಂದಿನಿಂದ ಮನೆಯೂ ಮಗ್ಗದ ಶೆಡ್ಡೂ ಒಂದೇ ಗೋಡೆಗೆ ಅಂಟಿಕೊಂಡು ಬೆಳೆದಿವೆ. ಆದರೆ ಯಂತ್ರಮಗ್ಗದ ಮೀಟರಿಗೆ ದರವೇ ಬೇರೆ, ಮನೆಯ ಮೀಟರಿಗೆ ಬೇರೆ. ಸೂರ್ಯಘರ್ ಸಬ್ಸಿಡಿ ವಾಸದ ಮನೆಯ ಮೀಟರಿಗೆ ಮಾತ್ರ.

ಗಡಿಯಾಚೆಯ ಲೆಕ್ಕವೇ ಬೇರೆ. ನಿಪ್ಪಾಣಿಯಲ್ಲಿರುವ ನಿಮ್ಮ ಬೀಗರ ಮನೆಗೆ ಕರ್ನಾಟಕದ ಗೃಹಜ್ಯೋತಿ ಯೋಜನೆಯಂತೆ 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರುತ್ತಿದೆ. ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ 10 ಸೇರಿಸಿದಷ್ಟು, 200 ಯೂನಿಟ್ ಮೀರದಂತೆ, ಉಚಿತ. ಅಂಥ ಮನೆಯವರಿಗೆ ಬಾಡಿಗೆಯ ಸೋಲಾರ್ ಬೇಡವೇ ಬೇಡ. ಅವರು ಹಾಕಿಸಲಿಲ್ಲವೆಂದು ಗಡಹಿಂಗ್ಲಜದವರು ಬಿಡಬೇಕಾಗಿಲ್ಲ, ಇವರು ಹಾಕಿಸಿದರೆಂದು ಅವರು ಹಾಕಿಸಬೇಕಾಗಿಯೂ ಇಲ್ಲ.

ಬಡವರು ಸೋಲಾರನ್ನು ಕೊಳ್ಳಲಾರರು, ಬಾಡಿಗೆಗೆ ಮಾತ್ರ ಪಡೆಯಬಲ್ಲರು ಎಂಬುದು ಸುಳ್ಳೆಂದು ಕರ್ನಾಟಕದಲ್ಲಿ ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. 1995ರಲ್ಲಿ ಹರೀಶ್ ಹಂದೆಯವರೂ ನೆವಿಲ್ ವಿಲಿಯಮ್ಸ್ ಎಂಬವರೂ ಸೆಲ್ಕೋ ಸಂಸ್ಥೆ ಸ್ಥಾಪಿಸಿದರು. ಕೂಲಿಕಾರರ ಮನೆಗೆ ಎರಡು ದೀಪ, ನಾಲ್ಕು ದೀಪದ ಸೋಲಾರ್ ಒದಗಿಸಿ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಅವರವರ ದುಡಿಮೆಗೆ ಹೊಂದುವ ಕಂತು ಕಟ್ಟಿಸಿಕೊಂಡರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಯ ಸೋಲಾರ್ ಸಾಲ ಕೊಟ್ಟವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಮನೆಗಳಲ್ಲಿ ಕಂತು ಮುಗಿದ ದಿನ ದೀಪ ಮನೆಯವರದೇ ಆಯಿತು.

ಹಾಗಾದರೆ ಬಾಡಿಗೆ ಎಂದೂ ಬೇಡವೇ? ಹಾಗೆ ನಾವು ಹೇಳುವುದಿಲ್ಲ. ಸರ್ಕಾರದ ಯೋಜನೆಯಲ್ಲಿಯೇ 2024ರ ಡಿಸೆಂಬರ್‌ನಲ್ಲಿ ಹೊರಟ ನಿಯಮಗಳ ಪ್ರಕಾರ ಕಂಪನಿಯೇ ಹಣ ಹಾಕಿ, ಕನಿಷ್ಠ 5 ವರ್ಷ ತಾನೇ ಇಟ್ಟುಕೊಂಡು, ಆಮೇಲೆ ಮನೆಯವರಿಗೆ ಒಪ್ಪಿಸುವ ಪದ್ಧತಿಯೊಂದಿದೆ. ಅದರಲ್ಲಿ ಮನೆಯವರು ಹಣ ಕೊಡುವುದು ಬಂದ ಕರೆಂಟಿಗೆ. ಮಳೆಗಾಲದಲ್ಲಿ ಕಡಿಮೆ ಬಂದರೆ ಕಡಿಮೆ ಕೊಟ್ಟರಾಯಿತು. ಸಾಲ ಸಿಗದ, ಆದರೆ ಬಿಲ್ ದೊಡ್ಡದಿರುವ ಮನೆಗೆ ಇದು ಆಗಬಹುದು. ಬಂದರೂ ಬಾರದಿದ್ದರೂ ತಿಂಗಳ ನಿಶ್ಚಿತ ಬಾಡಿಗೆ ಎಂಬ ಕರಾರನ್ನು ಮಾತ್ರ ನಾವು ಒಪ್ಪಲಾರೆವು.

ಕಾಗದದಲ್ಲಿ ನೋಡಬೇಕಾದದ್ದು ಬಹಳವಿದೆ. ಕೊಲ್ಹಾಪುರ, ಇಚಲಕರಂಜಿ, ಶಿರೋಳದ ಜನರಿಗೆ 2019ರ ಆಗಸ್ಟ್, 2021ರ ಜುಲೈಯ ಮಹಾಪೂರಗಳು ಮರೆತಿಲ್ಲ. ಪಂಚಗಂಗೆ ಮನೆಯೊಳಗೆ ಬಂದಾಗ ಮಾಡಿನ ಹಲಗೆ ಉಳಿದೀತು, ಗೋಡೆಯ ಇನ್ವರ್ಟರ್ ಮುಳುಗುತ್ತದೆ. ಕರಾರಿನಲ್ಲಿ ಆ ನಷ್ಟ ಯಾರದೆಂದು ಬರೆದಿದೆ? ವಿಮೆ ಯಾರು ಕಟ್ಟುತ್ತಾರೆ? ಕೆಟ್ಟು ನಿಂತ ತಿಂಗಳುಗಳಿಗೂ ಬಾಡಿಗೆ ಉಂಟೋ? ಮನೆ ಮಾರಬೇಕಾದರೆ, ಯಜಮಾನ ತೀರಿಹೋದರೆ, ಕೆಲಸಕ್ಕಾಗಿ ಊರು ಬಿಟ್ಟರೆ ಕರಾರು ಯಾರ ತಲೆಗೆ? ಅವಧಿ ಮುಗಿದ ಮೇಲೆ ಹಲಗೆಗಳು ಯಾರಿಗೆ? ಅವನ್ನು ಬಿಚ್ಚಿ ಒಯ್ದರೆ ತೂತುಬಿದ್ದ ತಗಡನ್ನು ಮುಚ್ಚಿಕೊಡುವವರು ಯಾರು? ಕಂಪನಿಯೇ ಮುಳುಗಿದರೆ? ಅಮೇರಿಕದಲ್ಲಿ ಬಾಡಿಗೆಗೆ ಸೋಲಾರ್ ಕೊಟ್ಟ ದೊಡ್ಡ ಕಂಪನಿಗಳಾದ ಸನ್‌ಪವರ್ 2024ರ ಆಗಸ್ಟ್‌ನಲ್ಲಿ, ಸನ್ನೋವಾ 2025ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದವು. ಅಂಥವಕ್ಕೇ ಆ ಗತಿ ಬಂದಿರುವಾಗ ನಿನ್ನೆ ಬೋರ್ಡು ಹಾಕಿದ ಅಂಗಡಿ ಹದಿನೈದು ವರ್ಷ ಇರುತ್ತದೆಂದು ಯಾರು ಭಾಷೆ ಕೊಡಬಲ್ಲರು?

ಕರಾರುಗಳು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತವೆ. ಮಾತಾಡಲು ಮರಾಠಿ ಬರುವುದು ಬೇರೆ, ಕರಾರಿನ ಮರಾಠಿ ಓದಿ ತಿಳಿಯುವುದು ಬೇರೆ. ಶಾಲೆ ಕಲಿತ ಮಗಳೋ ಸೊಸೆಯೋ ಇದ್ದರೆ ಅವಳಿಂದ ಪೂರ್ತಿ ಓದಿಸಿರಿ. ಓದಲು ನಾಲ್ಕು ದಿನ ಕೇಳಿರಿ. ಯೋಜನೆ ನಾಳೆಯೇ ಮುಗಿಯುತ್ತದೆ, ಇವತ್ತೇ ರುಜು ಹಾಕಿ ಎನ್ನುವವನಿಗೆ ಚಹಾ ಕೊಟ್ಟು ಕಳುಹಿಸಿರಿ. ಸೂರ್ಯಘರ್ ಯೋಜನೆಯನ್ನು ಹೊರಡಿಸಿದ್ದೇ 2026-27ರ ಆರ್ಥಿಕ ವರ್ಷದವರೆಗೆಂದು.

ಮನೆ ಮತ್ತು ಮೀಟರು ಯಾರ ಹೆಸರಿನಲ್ಲಿವೆ ಎಂಬುದನ್ನೂ ನೋಡಿಕೊಳ್ಳಬೇಕು. ತೀರಿಹೋದ ಮಾವನ ಹೆಸರಿನಲ್ಲಿಯೇ ಮೀಟರು ನಡೆದುಬಂದಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮೊದಲು ಹೆಸರು ಬದಲಾಗಲಿ. ಹಳೆಯ ಹಂಚಿನ ಮನೆಯಾದರೆ ತೊಲೆ, ಜಂತಿಗಳು ಭಾರ ತಡೆಯುತ್ತವೆಯೋ ಎಂದು ಬಡಿಗನಿಗೆ ತೋರಿಸಿರಿ.

ಎಸ್ಟೇಟಿನ ಲೈನುಮನೆಗಳಲ್ಲಿ ಇರುವವರು ಯಾವ ಸೋಲಾರ್ ಕರಾರಿಗೂ ರುಜು ಹಾಕಬಾರದು. ಆ ಮಾಡು ನಿಮ್ಮದಲ್ಲ; ಕೆಲಸ ಹೋದ ದಿನ ಮನೆಯೂ ಹೋಗುತ್ತದೆ, ಬಾಡಿಗೆ ಮಾತ್ರ ಹಿಂದೆ ಬರುತ್ತದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಕಾರ್ಮಿಕರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆ. ಲೈನಿನ ಮಾಡುಗಳ ಮೇಲೆ ಸೋಲಾರ್ ಬೇಕಾದರೆ ಖರ್ಚು ಅವರು ಹಾಕಲಿ. ಮುಂದಿನ ಸಲ ಯೂನಿಯನ್ನಿನವರು ಮ್ಯಾನೇಜರರೊಡನೆ ಮಾತಿಗೆ ಕೂರುವಾಗ ಬೇಡಿಕೆಗಳ ಪಟ್ಟಿಯಲ್ಲಿ ನೀರು, ಪಾಯಿಖಾನೆಗಳ ಜೊತೆಗೆ ಇದನ್ನೂ ಬರೆಯಿಸಿರಿ.