ಡಿಸ್ಕ್ ಇಲ್ಲ ಅಂದ್ರೆ ಗುಜರಿನಾ?

1/6
ಫೋಟೋ ನೋಡಿದ್ರಲ್ಲ? ವರಾಂಡದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರೋ ಸಿಪಿಯುಗಳು. ಯಾವ ಕಾಲೇಜು ಅಂತ ಹೇಳಲ್ಲ, ಕೇಳಬೇಡಿ. ಹಾರ್ಡ್ ಡಿಸ್ಕ್ ಹೋಗಿದೆಯಂತೆ, ಅದಕ್ಕೆ ಗುಜರಿಗೆ. ಈ ಕಡೆ ನನ್ನ ಫ್ರೆಂಡ್ಸ್ ಎಕ್ಸೆಲ್ ಕಲೀತಿರೋದು ಮೊಬೈಲಲ್ಲಿ, ಹೆಬ್ಬೆರಳಲ್ಲಿ! ನಾನು ಓದ್ತಿರೋದು ಬಿಕಾಂ, ಒಪ್ಪಿದೆ. ಆದ್ರೂ ಹೇಳ್ತೀನಿ: ಆ ಮಿಷಿನ್‌ಗಳು ಸತ್ತಿಲ್ಲ. ಮೊದಲು ಪೂರ್ತಿ ಓದಿ, ಆಮೇಲೆ ಬೈಯಿರಿ.

2/6
ಬೂಟ್ ಆಗೋದು ಅಂದ್ರೆ ಆಪರೇಟಿಂಗ್ ಸಿಸ್ಟಮ್ ಮೆಮೊರಿಗೆ ಬರೋದು, ಅಷ್ಟೇ. ಅದು ಸ್ವಂತ ಡಿಸ್ಕಿಂದಲೇ ಬರಬೇಕು ಅಂತ ರೂಲ್ ಇಲ್ಲ. ಮಿಷಿನ್ ಆನ್ ಆದ ತಕ್ಷಣ ನೆಟ್‌ವರ್ಕಲ್ಲಿ ಕೂಗುತ್ತೆ: "ನನ್ನ ಅಡ್ರೆಸ್ ಏನು? ನನ್ನ ಫೈಲ್ ಎಲ್ಲಿದೆ?" ಸರ್ವರ್ ಉತ್ತರ ಕೊಡುತ್ತೆ, ಫೈಲ್ ಕಳಿಸುತ್ತೆ. ಇದಕ್ಕೆ ಬೂಟ್‌ಪಿ ಅನ್ನೋ ನಿಯಮ ಬಂದಿದ್ದು 1985ರಲ್ಲಿ. ನಾವ್ಯಾರೂ ಹುಟ್ಟೇ ಇರಲಿಲ್ಲ.

3/6
ಇನ್ನೂ ಕಷ್ಟದ ಕೇಸ್ ಕೇಳಿ. ಫ್ಯಾಕ್ಟರಿ ಕಂಟ್ರೋಲ್ ಥರದ ಎಂಬೆಡೆಡ್ ಸಿಸ್ಟಮಲ್ಲಿ ಒಂದೇ ರ‍್ಯಾಕಲ್ಲಿ ಹಲವು ಪ್ರೊಸೆಸರ್ ಬೋರ್ಡ್ ಇರ್ತವೆ. ಕೆಲವಕ್ಕೆ ಡಿಸ್ಕೂ ಇಲ್ಲ, ನೆಟ್‌ವರ್ಕ್ ಕೇಬಲ್ಲೂ ಇಲ್ಲ. ವಿಎಕ್ಸ್‌ವರ್ಕ್ಸ್‌ನಲ್ಲಿ ಇದನ್ನ ಹೀಗೆ ಮಾಡ್ತಾರೆ: 0ನೇ ಬೋರ್ಡ್ ಈಥರ್ನೆಟ್ ಮೂಲಕ ಮೊದಲು ಬೂಟ್ ಆಗುತ್ತೆ. ಎಲ್ಲರೂ ಮುಟ್ಟಬಹುದಾದ ಮೆಮೊರಿಯಲ್ಲಿ 'ಆ್ಯಂಕರ್' ಅಂತ ಒಂದು ಗುರುತು ಇಡುತ್ತೆ. ಅಲ್ಲೊಂದು 'ಹಾರ್ಟ್‌ಬೀಟ್' ಎಣಿಕೆ ಏರ್ತಾ ಇರುತ್ತೆ. ಉಳಿದ ಬೋರ್ಡ್‌ಗಳು ಆ ಎದೆಬಡಿತ ನೋಡಿ, ಅದೇ ಮೆಮೊರಿನ ನೆಟ್‌ವರ್ಕ್ ಥರ ಬಳಸಿ, 0ನೇ ಬೋರ್ಡ್ ದಾಟಿ ಸರ್ವರ್‌ವರೆಗೂ ಹೋಗಿ ತಮ್ಮ ಫೈಲ್ ತರಿಸಿಕೊಳ್ತವೆ. ಕೇಬಲ್ಲೇ ಇಲ್ಲದ ಬೋರ್ಡ್ ಪಕ್ಕದವನ ಮೂಲಕ ಎದ್ದು ನಿಲ್ಲುತ್ತೆ. ನಮ್ಮ ಸಿಪಿಯುಗೆ ಕೇಬಲ್ ಸಾಕೆಟ್ ಇದೆ ಸ್ವಾಮಿ!

4/6
ನಮಗೆ ಇದು ಹೊಸ ಮಾತೂ ಅಲ್ಲ. 1902ರಲ್ಲಿ ಕೆಜಿಎಫ್ ಗಣಿಗೆ ಕರೆಂಟ್ ಬಂದಿದ್ದು ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ತಂತಿಯಲ್ಲಿ. ಇಲ್ಲಿ ಜಲಪಾತ ಇಲ್ಲ ಅಂತ ಯಾರೂ ಗಣಿ ಬಿಟ್ಟು ಹೋಗಲಿಲ್ಲ. 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ದೊಡ್ಡ ಸೂಪರ್ ಕಂಪ್ಯೂಟರ್‌ಗೆ ಕಾಯದೆ, ನಾಲ್ಕು ಪ್ರೊಸೆಸರ್ ಜೋಡಿಸಿ ಫ್ಲೋಸಾಲ್ವರ್ ಕಟ್ಟಿತು. ಚಿಪ್ ಯಾವುದು? ಇಂಟೆಲ್ 8086, ಆ ಕಾಲದ ಮಾಮೂಲಿ ಚಿಪ್. ಇರೋದನ್ನ ಜೋಡಿಸೋದು ಬಡತನ ಅಲ್ಲ, ಬುದ್ಧಿ.

5/6
ಕಾಮೆಂಟಲ್ಲಿ ಬರೋ ಪ್ರಶ್ನೆಗಳು ಗೊತ್ತು.
"ಸರ್ವರ್ ಬಿದ್ರೆ?" ಎಲ್ಲಾ ನಿಲ್ಲುತ್ತೆ, ನಿಜ. 0ನೇ ಬೋರ್ಡ್ ಹೋದ್ರೂ ಅದೇ ಕಥೆ. ಒಂದನ್ನೇ ನಂಬಿದ್ರೆ ಏನಾಗುತ್ತೆ ಅಂತ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಊರಿನವರಿಗೆ ಪಾಠ ಹೇಳಬೇಕಾ? ಅದಕ್ಕೇ ಎರಡನೇ ಸರ್ವರ್ ರೆಡಿ ಇಡಿ.
"ಟ್ಯಾಲಿ ಓಡಲ್ವಲ್ಲ?" ಟ್ಯಾಲಿಗೆ ವಿಂಡೋಸ್ ಬೇಕು, ಸರಿ. ಆದ್ರೆ ಲಿನಕ್ಸ್ ಸರ್ವರಿಂದ ಲಿಬ್ರೆಆಫೀಸ್ ಬರುತ್ತೆ, ಲೈಸೆನ್ಸ್ ದುಡ್ಡಿಲ್ಲ. ಸ್ಪ್ರೆಡ್‌ಶೀಟ್ ಕಲಿಯೋಕೆ ಸಾಕು.
"ಮದರ್‌ಬೋರ್ಡೇ ಸುಟ್ಟಿದ್ರೆ?" ಅದು ಗುಜರಿನೇ. ಕೊಟ್ಟುಬಿಡಿ.

6/6
ಡಿಪ್ರಿಸಿಯೇಷನ್ ಲೆಕ್ಕ ಬರೆದೂ ಬರೆದೂ ನಮಗೊಂದು ರೋಗ ಹಿಡಿದಿದೆ. ಪುಸ್ತಕದಲ್ಲಿ ಬೆಲೆ ಸೊನ್ನೆ ಆದ್ರೆ ವಸ್ತುನೂ ಸೊನ್ನೆ ಅನ್ಕೋತೀವಿ. ಊರಿನ ಬಗ್ಗೆನೂ ಹಾಗೇ ಮಾತಾಡ್ತಾರೆ: "ಕೆಜಿಎಫಾ? ಮುಗೀತಲ್ಲ." ಬೆಳಿಗ್ಗೆ ಕೋರಮಂಡಲ್ ಸ್ಟೇಷನ್‌ಗೆ ಬಂದು ನಿಂತ್ಕೊಳ್ಳಿ. ಬಂಗಾರಪೇಟೆ, ಬೆಂಗಳೂರು ಕಡೆ ಹೋಗೋ ಜನ ನೋಡಿ, ಆಮೇಲೆ ಹೇಳಿ.
ಕೇಳ್ತಿರೋದು ಇಷ್ಟೇ. ಹರಾಜಿಗೆ ಮೊದಲು ಒಂದೊಂದು ಮಿಷಿನ್ನೂ ಆನ್ ಮಾಡಿ ನೋಡಿ. ರ‍್ಯಾಮ್, ನೆಟ್‌ವರ್ಕ್ ಪೋರ್ಟ್ ಸರಿ ಇದ್ರೆ ಪಕ್ಕಕ್ಕಿಡಿ. ಶನಿವಾರ ಮಧ್ಯಾಹ್ನ ನಾನು ಫ್ರೀ. ಕೇಬಲ್ ಹಿಡಿಯೋಕೆ ಇನ್ನಿಬ್ಬರು ಸಾಕು.
ಬರ್ತೀರಾ, ಇಲ್ಲಾ ಬರೀ ಲೈಕ್ ಒತ್ತಿ ಹೋಗ್ತೀರಾ?

#ಕೋರಮಂಡಲ್ #ಕೆಜಿಎಫ್ #ಬಿಕಾಂಹುಡುಗರು #ಗುಜರಿಅಲ್ಲ